ಸ್ವಾಮಿ ವಿವೇಕಾನಂದರ ಬೆಳಗಾವಿ ವಾಸ ಮತ್ತು ಬ್ರಹ್ಮಚರ್ಯದ ಬೋಧನೆ

ಸ್ವಾಮಿ ವಿವೇಕಾನಂದ (12 ಜನವರಿ 1863 – 4 ಜುಲೈ 1902) ರಾಮಕೃಷ್ಣ ಮಿಷನ್ನಿನ ಸ್ಥಾಪಕರು. ಪೂರ್ವಾಶ್ರಮದ ಹೆಸರು ನರೇಂದ್ರನಾಥ ದತ್ತ. ಶಿಕಾಗೋ ಭಾಷಣಕ್ಕೆ ಹನ್ನೊಂದು ತಿಂಗಳು ಮೊದಲು, 1892ರ ಅಕ್ಟೋಬರಿನಲ್ಲಿ, ಅವರು ಬೆಳಗಾವಿಯಲ್ಲಿ ಕೆಲವು ದಿನ ತಂಗಿದ್ದರು. ಯುವಕರ ಕಾಮಸಂಯಮ, ವಿವಾಹದ ವಯಸ್ಸು ಹಾಗೂ ದೇಹಾರೋಗ್ಯದ ಬಗೆಗಿನ ಅವರ ವಿಚಾರಗಳು ಶಾಲಾ ಪಠ್ಯಗಳ ಮೂಲಕವೂ ಆಶ್ರಮಗಳ ಮೂಲಕವೂ ಇಂದಿನವರೆಗೆ ಹರಿದುಬಂದಿವೆ.

ಬಾಲ್ಯ ಮತ್ತು ಸಂನ್ಯಾಸ

ನರೇಂದ್ರನಾಥರು ಕಲ್ಕತ್ತೆಯಲ್ಲಿ ವಕೀಲ ವಿಶ್ವನಾಥ ದತ್ತ ಮತ್ತು ಭುವನೇಶ್ವರೀದೇವಿ ದಂಪತಿಗಳಿಗೆ ಜನಿಸಿದರು. 1881ರಲ್ಲಿ ದಕ್ಷಿಣೇಶ್ವರದ ಶ್ರೀರಾಮಕೃಷ್ಣ ಪರಮಹಂಸರ ಪರಿಚಯವಾಯಿತು. ಪರಮಹಂಸರು ವಿವಾಹಿತರಾಗಿದ್ದರೂ ಪತ್ನಿ ಶಾರದಾದೇವಿಯವರೊಡನೆ ಬ್ರಹ್ಮಚರ್ಯದ ಬಾಳನ್ನೇ ಬಾಳಿದವರು. ಕಾಮ ಮತ್ತು ಕಾಂಚನ ಇವೆರಡರ ತ್ಯಾಗವೇ ಅವರ ಉಪದೇಶದ ತಿರುಳು. 1884ರಲ್ಲಿ ತಂದೆ ತೀರಿಕೊಂಡು ಮನೆ ಬಡತನಕ್ಕೆ ಬಿದ್ದಿತು. ಅದಕ್ಕೂ ಮುನ್ನ ಹಿರಿಯರು ತಂದ ವಿವಾಹ ಪ್ರಸ್ತಾಪಗಳನ್ನು ನರೇಂದ್ರರು ನಿರಾಕರಿಸಿದ್ದರು. 1886ರಲ್ಲಿ ಗುರುಗಳು ಗಂಟಲಿನ ಕ್ಯಾನ್ಸರಿನಿಂದ ನಿಧನರಾದ ಮೇಲೆ ಅವರು ಸಹಶಿಷ್ಯರೊಡನೆ ವರಾಹನಗರದಲ್ಲಿ ಸಂನ್ಯಾಸ ಸ್ವೀಕರಿಸಿ, ಬಳಿಕ ಪರಿವ್ರಾಜಕರಾಗಿ ದೇಶ ಸುತ್ತಿದರು.

ಬೆಳಗಾವಿಯಲ್ಲಿ

ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೊಲ್ಹಾಪುರದಿಂದ ಪರಿಚಯಪತ್ರ ಹಿಡಿದು ಬಂದ ಇಪ್ಪತ್ತೊಂಬತ್ತರ ಸಂನ್ಯಾಸಿ, ಮೊದಲು ಮರಾಠಿ ವಕೀಲ ಭಾಟೆಯವರ ಮನೆಯಲ್ಲಿ ಉಳಿದುಕೊಂಡರು. ಆ ಮನೆಯವರ ನೆನಪುಗಳಲ್ಲಿ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ. ಊಟವಾದ ಮೇಲೆ ಅತಿಥಿಗಳು ಎಲೆ-ಅಡಿಕೆ ಕೇಳಿದರು, ಅನಂತರ ತಂಬಾಕನ್ನೂ ಕೇಳಿದರು. ಸಂನ್ಯಾಸಿಗೆ ತಂಬಾಕೇ ಎಂದು ಮನೆಯವರು ಬೆರಗಾದರು. ಅವರು ಮುಚ್ಚುಮರೆಯಿಲ್ಲದೆ ವಿವರಿಸಿದರು: ತಾವು ಹಿಂದೆ ಸುಖಪ್ರಿಯ ಯುವಕರಾಗಿದ್ದು, ಗುರುಗಳ ಬೋಧನೆಯಿಂದ ಬಾಳು ಬದಲಾಯಿತು, ಆದರೆ ಕೆಲವು ಅಭ್ಯಾಸಗಳು ಬಿಡಲಾಗದೆ ಉಳಿದವು, ಅವು ದೊಡ್ಡ ವಿಷಯವಲ್ಲವೆಂದು ಹಾಗೆಯೇ ಬಿಟ್ಟಿರುವುದಾಗಿ ತಿಳಿಸಿದರು. ಜೀವನಚರಿತ್ರೆಗಳನ್ನು ಮಕ್ಕಳಿಗೆ ಹೇಳುವಾಗ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಅಕ್ಟೋಬರ್ 18ರಂದು ಬಂಗಾಳಿ ಅರಣ್ಯಾಧಿಕಾರಿ ಹರಿಪದ ಮಿತ್ರರ ಭೇಟಿಯಾಯಿತು. ಮಿತ್ರರು ಅವರನ್ನು ತಮ್ಮ ಮನೆಗೆ ಕರೆದೊಯ್ದರು. ಮುಂದೆ ಮಿತ್ರರು ಬರೆದ ನೆನಪುಗಳೇ ಈ ದಿನಗಳಿಗೆ ಮುಖ್ಯ ಆಧಾರ. ಮಿತ್ರರಿಗೆ ನಾನಾ ಬೇನೆಗಳ ಚಿಂತೆ, ಸದಾ ಔಷಧ ಸೇವಿಸುವ ರೂಢಿ. ಹಾಸಿಗೆ ಹಿಡಿಸುವಂಥ ಕಾಯಿಲೆ ಬಂದರೆ ಮಾತ್ರ ಔಷಧ ತೆಗೆದುಕೊಳ್ಳಬೇಕು, ನರದೌರ್ಬಲ್ಯವೆಂಬ ದೂರುಗಳಲ್ಲಿ ಬಹುಪಾಲು ಕಲ್ಪನೆಯವು, ರೋಗವನ್ನೇ ನೆನೆಯುತ್ತ ಕೂರದೆ ಉಲ್ಲಾಸದಿಂದ ಇರಬೇಕು ಎಂಬುದು ಸ್ವಾಮಿಗಳ ಸಲಹೆಯಾಗಿತ್ತು. ಈ ಮಾತನ್ನು ಇಂದು ಅಕ್ಷರಶಃ ಪಾಲಿಸಿದರೆ ಅಪಾಯವಿದೆ. ರಕ್ತದೊತ್ತಡ, ಮಧುಮೇಹದಂಥ ಕಾಯಿಲೆಗಳು ಹಾಸಿಗೆ ಹಿಡಿಸುವವರೆಗೆ ಸುಳಿವು ಕೊಡದಿರಬಹುದು.

ಇನ್ನೊಂದು ದಿನ ಸ್ವಾಮಿಗಳು ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯ ಎರಡು-ಮೂರು ಪುಟಗಳನ್ನು ಬಾಯಿಪಾಠವಾಗಿ ಹೇಳಿದರು. ಪುಸ್ತಕವನ್ನು ಎರಡೇ ಬಾರಿ ಓದಿದ್ದರೆಂದು ತಿಳಿದು ಮಿತ್ರರು ಚಕಿತರಾದರು. ಈ ಸ್ಮರಣಶಕ್ತಿಗೆ ಏಕಾಗ್ರತೆ ಮತ್ತು ಬ್ರಹ್ಮಚರ್ಯಗಳೇ ಕಾರಣವೆಂದು ಸ್ವಾಮಿಗಳು ಹೇಳಿದರು.

ಮಿತ್ರರೂ ಅವರ ಪತ್ನಿ ಇಂದುಮತಿಯವರೂ ಬೆಳಗಾವಿಯಲ್ಲೇ ದೀಕ್ಷೆ ಪಡೆದರು. ಗೃಹಸ್ಥ ದಂಪತಿಗಳಿಗೆ ಕೊಟ್ಟ ದೀಕ್ಷೆ ಇದು ಎಂಬುದನ್ನು ಗಮನಿಸಬೇಕು. ಆಜನ್ಮ ಬ್ರಹ್ಮಚರ್ಯವನ್ನು ಅವರು ಎಲ್ಲರಿಗೂ ವಿಧಿಸಲಿಲ್ಲ. ಇಲ್ಲಿಯ ಎಸ್. ಮಹಾದೇವ್ ಛಾಯಾಚಿತ್ರಾಲಯದಲ್ಲಿ ಅವರ ಭಾವಚಿತ್ರವನ್ನೂ ತೆಗೆಸಲಾಯಿತು. ಅಕ್ಟೋಬರ್ 27ರಂದು ಸ್ವಾಮಿಗಳು ಗೋವೆಯ ಮರ್ಮಗೋವೆಗೆ ರೈಲಿನಲ್ಲಿ ಹೊರಟರು. ಆ ಹಳಿ ಖಾನಾಪುರದ ಕಾಡುಗಳನ್ನು ದಾಟಿ ಲೋಂಡಾ ಮೂಲಕ ಘಟ್ಟ ಇಳಿಯುತ್ತದೆ.

ಓಜಸ್ಸಿನ ಸಿದ್ಧಾಂತ

ಬೆಳಗಾವಿಯಲ್ಲಿ ಮಾತಿನ ನಡುವೆ ಬಂದ ವಿಚಾರ 1896ರ 'ರಾಜಯೋಗ' ಗ್ರಂಥದಲ್ಲಿ ಸಿದ್ಧಾಂತದ ರೂಪ ತಾಳಿತು. ಕಾಮಶಕ್ತಿಯನ್ನು ನಿಗ್ರಹಿಸಿದರೆ ಅದು ಓಜಸ್ಸಾಗಿ ಮಿದುಳಿನಲ್ಲಿ ಸಂಚಯವಾಗುತ್ತದೆ ಎಂಬುದು ಇದರ ಸಾರ. ಇದು ಯೋಗಪರಂಪರೆಯ ನಂಬಿಕೆ. ವೀರ್ಯ ಉಳಿಸಿದರೆ ಸ್ಮರಣಶಕ್ತಿ ಹೆಚ್ಚುತ್ತದೆಂಬುದನ್ನು ಆಧುನಿಕ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಸ್ವಪ್ನಸ್ಖಲನ ಯೌವನದ ಸಹಜ ದೇಹಧರ್ಮ, ಅದರಿಂದ ಶಕ್ತಿ ಸೋರುವುದಿಲ್ಲ. ಆದರೂ ಹಾಗೆ ಹೆದರಿ ಆಯಾಸ, ಖಿನ್ನತೆ, ಪಾಪಪ್ರಜ್ಞೆಗಳಿಂದ ನರಳುವ ತರುಣರು ಭಾರತದಲ್ಲಿ ಬಹಳ. ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ಇದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಈ ಭೀತಿ ವಿವೇಕಾನಂದರಿಂದ ಹುಟ್ಟಿದ್ದಲ್ಲ, ಅವರಿಗಿಂತ ಬಹು ಹಳೆಯದು. ಆದರೆ ಅವರ ಮಾತನ್ನು ಸಂದರ್ಭದಿಂದ ಕಿತ್ತು ಹದಿಹರೆಯದವರ ಮುಂದಿಟ್ಟಾಗ ಅದಕ್ಕೆ ಬಲ ಬಂದಿದೆ. ಮಿತ್ರರ ಕಲ್ಪಿತ ರೋಗಗಳನ್ನು ಕಂಡು ನಗುತ್ತಿದ್ದವರ ಹೆಸರಿನಲ್ಲೇ ಹೀಗಾದುದು ವಿಚಿತ್ರ.

ಬಾಲ್ಯವಿವಾಹ

ಅವರು ಬೆಳಗಾವಿಗೆ ಬರುವ ಹಿಂದಿನ ವರ್ಷ ಸಮ್ಮತಿ ವಯಸ್ಸಿನ ಕಾಯಿದೆ ಜಾರಿಯಾಗಿ, ಹುಡುಗಿಯರ ಸಮ್ಮತಿಯ ವಯಸ್ಸು ಹತ್ತರಿಂದ ಹನ್ನೆರಡಕ್ಕೆ ಏರಿತ್ತು. ಕಲ್ಕತ್ತೆಯ ಬಾಲವಧು ಫೂಲ್‌ಮಣಿಯ ಸಾವು ಇದಕ್ಕೆ ತುರ್ತನ್ನು ತಂದಿತ್ತು. ಧರ್ಮದಲ್ಲಿ ಸರ್ಕಾರ ಕೈಹಾಕಬಾರದೆಂದು ಪುಣೆಯಲ್ಲಿ ಟಿಳಕರು ಕಾಯಿದೆಯನ್ನು ವಿರೋಧಿಸಿದ್ದರು. ವಿವೇಕಾನಂದರಿಗೆ ಕಾನೂನಿನಿಂದ ಸಮಾಜ ತಿದ್ದುವುದರಲ್ಲಿ ವಿಶ್ವಾಸ ಕಡಿಮೆ, ಸ್ತ್ರೀಶಿಕ್ಷಣದಲ್ಲಿ ಹೆಚ್ಚು. ಆದರೆ ಬಾಲ್ಯವಿವಾಹದ ಬಗ್ಗೆ ಅವರಿಗಿದ್ದುದು ಕಟು ತಿರಸ್ಕಾರ. ಎಳೆಯ ವಯಸ್ಸಿನ ಬಸಿರು-ಬಾಣಂತನದಿಂದ ಹೆಣ್ಣುಮಕ್ಕಳು ಅಕಾಲದಲ್ಲಿ ಸಾಯುತ್ತಾರೆ, ಹುಟ್ಟುವ ಮಕ್ಕಳು ದುರ್ಬಲರಾಗುತ್ತಾರೆ ಎಂಬುದು ಅವರ ವಾದ. ಇದನ್ನು ವೈದ್ಯಶಾಸ್ತ್ರವೂ ಸಮರ್ಥಿಸುತ್ತದೆ.

ಪ್ಲೇಗ್ ಮತ್ತು ಕೊನೆಯ ದಿನಗಳು

1893ರ ಸೆಪ್ಟೆಂಬರ್ 11ರ ಶಿಕಾಗೋ ಭಾಷಣದಿಂದ ಅವರು ವಿಶ್ವವಿಖ್ಯಾತರಾದರು. 1897ರಲ್ಲಿ ರಾಮಕೃಷ್ಣ ಮಿಷನ್ ಸ್ಥಾಪಿಸಿದರು. 1898ರಲ್ಲಿ ಕಲ್ಕತ್ತೆಗೆ ಪ್ಲೇಗಿನ ಭಯ ಬಡಿದಾಗ ಪ್ರಕಟಿಸಿದ ಮನವಿಪತ್ರದಲ್ಲಿ, ಮನೆ ಶುಚಿಯಾಗಿಡಿ, ಹಳಸಿದ ಆಹಾರ ತಿನ್ನಬೇಡಿ, ಚುಚ್ಚುಮದ್ದನ್ನು ಬಲವಂತವಾಗಿ ಹಾಕುತ್ತಾರೆಂಬ ವದಂತಿ ನಂಬಬೇಡಿ ಎಂಬ ಸೂಚನೆಗಳ ಜೊತೆಗೆ, ಗೃಹಸ್ಥರೂ ಈ ಕಾಲದಲ್ಲಿ ಕ್ರೋಧ ಮತ್ತು ಕಾಮದಿಂದ ದೂರವಿರಬೇಕೆಂಬ ಸೂಚನೆಯೂ ಇತ್ತು. ಧರ್ಮೋಪದೇಶವೂ ಆರೋಗ್ಯ ಸೂಚನೆಯೂ ಒಂದೇ ಕಾಗದದಲ್ಲಿ ಬೆರೆತಿದ್ದವು. ಮರುವರ್ಷ ಸೋದರಿ ನಿವೇದಿತಾ ಮುಂದಾಳತ್ವದಲ್ಲಿ ಯುವಕರು ಕಲ್ಕತ್ತೆಯ ಗಲ್ಲಿಗಳನ್ನು ಗುಡಿಸಿದರು.

ವಿವೇಕಾನಂದರನ್ನು ಮಧುಮೇಹ, ಉಬ್ಬಸಗಳು ಬಾಧಿಸಿದವು. ಕೊನೆಯ ವರ್ಷಗಳಲ್ಲಿ ಅವರು ವೈದ್ಯರ ಪಥ್ಯಕ್ಕೂ ಔಷಧಕ್ಕೂ ಒಳಪಟ್ಟಿದ್ದರು. 1902ರ ಜುಲೈ 4ರಂದು ಬೇಲೂರು ಮಠದಲ್ಲಿ, 39ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮದಿನವನ್ನು 1985ರಿಂದ ರಾಷ್ಟ್ರೀಯ ಯುವದಿನವಾಗಿ ಆಚರಿಸಲಾಗುತ್ತಿದೆ. ಬೆಳಗಾವಿಯ ಕೋಟೆಯಲ್ಲಿ ರಾಮಕೃಷ್ಣ ಮಿಷನ್ ಆಶ್ರಮವಿದೆ.