ಎಮಿಲಿ ಹಾಬ್‌ಹೌಸ್

ದಕ್ಷಿಣ ಆಫ್ರಿಕದ ಹೆಸರೆತ್ತಿದೊಡನೆ ನಮ್ಮ ವಾಚಕರಿಗೆ ಗಾಂಧೀಜಿಯವರ ಸತ್ಯಾಗ್ರಹವು ನೆನಪಾಗುವದು ಸಹಜವೇ. ಆ ಸತ್ಯಾಗ್ರಹದ ಕೊನೆಯ ಘಟ್ಟದಲ್ಲಿ, 1914ರ ಆರಂಭದಲ್ಲಿ, ಹಿಂದೀಯರ ಪಕ್ಷವನ್ನು ವಹಿಸಿ ಜನರಲ್ ಸ್ಮಟ್ಸರಿಗೆ ಬುದ್ಧಿ ಹೇಳಿದ ಮಿಸ್ ಎಮಿಲಿ ಹಾಬ್‌ಹೌಸರನ್ನು ನಮ್ಮವರು ಗಾಂಧೀಜಿಯವರ ಹಿತೈಷಿಯೆಂದಷ್ಟೇ ಬಲ್ಲರು. ಆದರೆ ಸ್ಮಟ್ಸರಂಥ ಬಿಗಿ ಮನುಷ್ಯರು ಒಬ್ಬ ಆಂಗ್ಲ ಮಹಿಳೆಯ ಮಾತಿಗೆ ಕಿವಿಗೊಟ್ಟುದೇಕೆಂಬುದು ತಿಳಿಯಬೇಕಾದರೆ ನಾವು ಹದಿಮೂರು ವರ್ಷ ಹಿಂದಕ್ಕೆ, ಬೋಯರ್ ಯುದ್ಧದ ಕಾಲಕ್ಕೆ, ಹೋಗಬೇಕು.

ಇವರು 1860ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದರು. ತಾಯಿ ತೀರಿದ ಮೇಲೆ ರುಗ್ಣನಾದ ತಂದೆಯ ಶುಶ್ರೂಷೆಯಲ್ಲಿಯೇ ತಾರುಣ್ಯವೆಲ್ಲ ಕಳೆಯಿತು. 1895ರಲ್ಲಿ ತಂದೆಯೂ ತೀರಿಕೊಂಡಾಗ ಇವರಿಗೆ ಸುಮಾರು ಮೂವತ್ತೈದು ವರ್ಷ. ಅಮೇರಿಕೆಯ ಗಣಿಕೆಲಸಗಾರರಲ್ಲಿ ಕೆಲವು ಕಾಲ ಪಾನನಿರೋಧದ ಕೆಲಸ ಮಾಡಿ ಸ್ವದೇಶಕ್ಕೆ ಮರಳಿದರು. ಅಲ್ಲಿಯ ವರೆಗಿನ ಜೀವಿತದಲ್ಲಿ ಜಗತ್ತು ಗಮನಿಸಬೇಕಾದುದೇನೂ ಇರಲಿಲ್ಲ.

1899ರಲ್ಲಿ ಯುದ್ಧವು ಆರಂಭವಾಯಿತು. ಬಯಲಿನಲ್ಲಿ ಬೋಯರರನ್ನು ಹಿಡಿಯಲಾರದ ಆಂಗ್ಲ ಸೇನಾಪತಿಗಳು ಅವರ ಹೊಲಮನೆಗಳನ್ನು ಸುಡತೊಡಗಿದರು. ಸುಟ್ಟ ಮನೆಗಳು ಸುಮಾರು 30,000. ಮನೆಮಠ ಕಳೆದುಕೊಂಡ ಹೆಂಗಸರು ಮಕ್ಕಳನ್ನು ಗಾಡಿಗಳಲ್ಲಿ ಹೇರಿ ತಂದು, ಬಯಲಲ್ಲಿ ಡೇರೆ ಹೊಡೆದು ಕಾವಲಿರಿಸಿದರು. ಇವಕ್ಕೆ ಸರಕಾರವು ಇಟ್ಟ ಹೆಸರು ನಿರಾಶ್ರಿತರ ಶಿಬಿರಗಳು! ಆಶ್ರಯವನ್ನು ಸುಟ್ಟವರೇ ಆಶ್ರಯದಾತರೆನಿಸಿಕೊಂಡರು.

ಮಿಸ್ ಹಾಬ್‌ಹೌಸರು ನಿಧಿಯೊಂದನ್ನು ಕೂಡಿಸಿ 1900ರ ಡಿಸೆಂಬರದಲ್ಲಿ ಕೇಪ್‌ಟೌನಿಗೆ ತಲುಪಿದರು. ಹಾಯ್ ಕಮಿಶನರ ಮಿಲ್ನರರು ಹೋಗಲು ಒಪ್ಪಿದರೂ, ದಂಡನಾಯಕ ಕಿಚನರರು ಬ್ಲೂಮ್‌ಫಾಂಟೀನಿನಿಂದಾಚೆಗೆ ಅಪ್ಪಣೆ ಕೊಡಲಿಲ್ಲ. 1901ರ ಜನವರಿಯಲ್ಲಿ ಅಲ್ಲಿಯ ಶಿಬಿರವನ್ನು ಕಂಡರು. ಕಾದ ಬಯಲಿನಲ್ಲಿ ಡೇರೆಗಳು. ಮಲಗಲು ಮಂಚವಿಲ್ಲ, ನೀರು ಕಾಸಲು ಸಾಕಷ್ಟು ಸೌದೆಯಿಲ್ಲ, ತೊಳೆದುಕೊಳ್ಳಲು ಸಾಬೂನಿಲ್ಲ. ಗಂಡನು ಇನ್ನೂ ರಣದಲ್ಲಿದ್ದರೆ ಹೆಂಡಿರು ಮಕ್ಕಳ ಪಡಿಯನ್ನು ಕಡಿಮೆ ಮಾಡುವ ನಿಯಮವೂ ಮೊದಲಲ್ಲಿತ್ತು. ಮಗುವಿನ ಹೊಟ್ಟೆಯ ಮೂಲಕ ತಂದೆಯನ್ನು ಸೋಲಿಸುವ ಈ ಯುಕ್ತಿಯನ್ನು ಯಾವ ಯುದ್ಧಶಾಸ್ತ್ರದಿಂದ ಕಲಿತರೋ ನಾವರಿಯೆವು. ಇವರು ಅಧಿಕಾರಿಗಳನ್ನು ಕಾಡಿ ಬೇಡಿ ಸಾಬೂನು, ಸೌದೆ, ಬಟ್ಟೆಗಳನ್ನು ದೊರಕಿಸಿದರು; ಡೇರೆಯಿಂದ ಡೇರೆಗೆ ಹೋಗಿ ಒಬ್ಬೊಬ್ಬಳ ವೃತ್ತಾಂತವನ್ನೂ ಬರೆದುಕೊಂಡರು. ಸ್ಪ್ರಿಂಗ್‌ಫಾಂಟೀನ್ ರೈಲು ನಿಲ್ದಾಣದ ಬಳಿ, ಡೇರೆಯೂ ಸಿಗದೆ ಹರಕು ಬಟ್ಟೆಯ ಮರೆಯಲ್ಲಿ ಕುಳಿತ ತಾಯಿಯೊಬ್ಬಳು ತೊಡೆಯ ಮೇಲೆ ಸಾಯುತ್ತಿರುವ ಮಗುವನ್ನು ಕಣ್ಣೀರಿಲ್ಲದೆ ನೋಡುತ್ತಿದ್ದ ದೃಶ್ಯವನ್ನು ಇವರು ಕಡೆಯ ವರೆಗೂ ಮರೆಯಲಿಲ್ಲ.

ಜೂನ್ ತಿಂಗಳಲ್ಲಿ ಇವರ ವರದಿಯು ಲಂಡನ್ನಿನಲ್ಲಿ ಪ್ರಕಟವಾಯಿತು. ವಿರೋಧಪಕ್ಷದ ನಾಯಕ ಕ್ಯಾಂಪ್‌ಬೆಲ್ ಬ್ಯಾನರ್‌ಮನ್ನರು ಈ ಯುದ್ಧರೀತಿಯನ್ನು ಬರ್ಬರವೆಂದು ಬಹಿರಂಗವಾಗಿ ಖಂಡಿಸಿದರು. ಇತ್ತ ಅನೇಕ ಪತ್ರಿಕೆಗಳು ಇವರನ್ನು ದೇಶದ್ರೋಹಿಯೆಂದು ಜರೆದವು. ಸರಕಾರವು ಮಿಲಿಸೆಂಟ್ ಫಾಸೆಟ್ಟರ ಮುಖಂಡತ್ವದಲ್ಲಿ ಸ್ತ್ರೀಯರದೇ ಸಮಿತಿಯೊಂದನ್ನು ನೇಮಿಸಿ, ಅದರಲ್ಲಿ ಮಿಸ್ ಹಾಬ್‌ಹೌಸರಿಗೆ ಮಾತ್ರ ಸ್ಥಳ ಕೊಡಲಿಲ್ಲ. ಅಕ್ಟೋಬರದಲ್ಲಿ ಪುನಃ ಕೇಪ್‌ಟೌನಿಗೆ ಹೋದಾಗ ಸೈನಿಕ ಶಾಸನದನ್ವಯ ನೆಲದ ಮೇಲೆ ಕಾಲಿಡಗೊಡಲಿಲ್ಲ. ತಾವಾಗಿ ನಡೆದು ಹೋಗಲು ಒಪ್ಪದ ಇವರನ್ನು ಸಿಪಾಯಿಗಳು ಎತ್ತಿಕೊಂಡು ಹೋಗಿ ಬೇರೆ ಹಡಗಿಗೇರಿಸಿ ಹಿಂದಕ್ಕಟ್ಟಿದರು. ಆದರೆ ಸಮಿತಿಯ ವರದಿಯು ಬಹ್ವಂಶ ಇವರ ಮಾತನ್ನೇ ಸಮರ್ಥಿಸಿತು. ಶಿಬಿರಗಳ ಆಡಳಿತವು ಸೈನಿಕರಿಂದ ಮುಲ್ಕೀ ಅಧಿಕಾರಿಗಳ ಕೈಗೆ ಹೋಗಿ, 1902ರಲ್ಲಿ ಸಾವುಗಳು ಥಟ್ಟನೆ ಇಳಿದವು. ಅಷ್ಟರಲ್ಲಿ ಸುಮಾರು 28,000 ಬೋಯರರು ಶಿಬಿರಗಳಲ್ಲಿ ಸತ್ತಿದ್ದರು. ಅವರಲ್ಲಿ 22,000 ಮಕ್ಕಳು.

ಕರಿಯರಿಗೆ ಬೇರೆ ಶಿಬಿರಗಳಿದ್ದವು. ಅಲ್ಲಿ ಸತ್ತವರಲ್ಲಿ ದಾಖಲೆಗೆ ಸಿಕ್ಕಿದವರೇ 14,000ಕ್ಕೆ ಮೇಲ್ಪಟ್ಟು. ಮಿಸ್ ಹಾಬ್‌ಹೌಸರು ಆ ಶಿಬಿರಗಳ ವಿಚಾರಣೆಯಾಗಬೇಕೆಂದು ಒತ್ತಾಯ ಮಾಡಿದರಾದರೂ ತಾವು ಅವುಗಳಲ್ಲಿ ಕೆಲಸ ಮಾಡಲಿಲ್ಲ. ಇದು ಅವರ ಕಾರ್ಯದ ಕೊರತೆಯೆಂದೇ ನಾವು ಭಾವಿಸುತ್ತೇವೆ. ಆದರೂ 1913ರಲ್ಲಿ ಬ್ಲೂಮ್‌ಫಾಂಟೀನಿನ ಸ್ತ್ರೀಸ್ಮಾರಕದ ಅನಾವರಣಕ್ಕೆಂದು ಬರೆದ ಭಾಷಣದಲ್ಲಿ ಕರಿಯರ ಸಾವುಗಳನ್ನು ಬೋಯರರಿಗೆ ನೆನಪಿಸಿ, ಸ್ವಾತಂತ್ರ್ಯವು ಒಂದೇ ವರ್ಣದವರ ಸೊತ್ತಲ್ಲವೆಂದು ಎಚ್ಚರಿಸಿದರು. ಮುಂದಿನ ಮುದ್ರಣಗಳಲ್ಲಿ ಆ ಭಾಗಗಳನ್ನು ಕಿತ್ತುಹಾಕಲಾಯಿತು!

ಹೃದ್ರೋಗದಿಂದ ಆ ಸಮಾರಂಭಕ್ಕೆ ಹೋಗಲಾರದೆ ದಾರಿಯಲ್ಲಿಯೇ ಹಿಂದಿರುಗಿದ ಇವರು ಕೇಪ್ ಪ್ರಾಂತದಲ್ಲಿ ವಿಶ್ರಮಿಸುತ್ತಿದ್ದರು. ಅದೇ ವರ್ಷ ಹಿಂದೀಯರ ವಿವಾಹಗಳನ್ನು ಕಾನೂನು ಮನ್ನಿಸದೆ ಹೋದುದರಿಂದಲೂ, ಮೂರು ಪೌಂಡಿನ ತಲೆಗಂದಾಯದಿಂದಲೂ ಸತ್ಯಾಗ್ರಹವು ಹೊತ್ತಿ, ಕಸ್ತೂರಬಾಯಿಯವರೇ ಮೊದಲಾದ ಹಿಂದೀ ಸ್ತ್ರೀಯರು ಸೆರೆಮನೆ ಸೇರಿದ್ದರು. ಮಿಸ್ ಹಾಬ್‌ಹೌಸರು ಹಾಸಿಗೆಯಿಂದಲೇ ಗಾಂಧೀಜಿಯವರಿಗೆ ಕೂಚನ್ನು ಕೆಲವು ದಿನ ಮುಂದೂಡಬೇಕೆಂದು ಕೇಳಿಕೊಂಡರು. ಸ್ಮಟ್ಸರಿಗೆ ಹಿಂದೀಯರ ಬೇಡಿಕೆಗಳನ್ನು ಒಪ್ಪಬೇಕೆಂದು ಬರೆದರು. ಬೋಯರ್ ಹೆಂಗಸರ ಋಣವನ್ನು ಹೊತ್ತಿದ್ದ ಸ್ಮಟ್ಸರು ಅದನ್ನು ತಳ್ಳಿಹಾಕುವಂತಿರಲಿಲ್ಲ. 1914ರಲ್ಲಿ ಆ ವಿವಾಹಗಳು ಮಾನ್ಯವಾದವು, ಕಂದಾಯವೂ ರದ್ದಾಯಿತು.

ಜರ್ಮನ್ ಯುದ್ಧಕಾಲದಲ್ಲಿ ಸಂಧಾನದ ಆಶೆಯಿಂದ ಬರ್ಲಿನ್ನಿಗೆ ಹೋಗಿ ಮತ್ತೊಮ್ಮೆ ದ್ರೋಹಿಯೆನಿಸಿಕೊಂಡರು. ಯುದ್ಧ ಮುಗಿದೊಡನೆ ಲೈಪ್‌ಜಿಗ್ ನಗರದ ಹಸಿದ ಮಕ್ಕಳಿಗೆ ಊಟ ಹಾಕಿಸಿದರು. ಬಡತನದಲ್ಲಿದ್ದ ಇವರಿಗೆ ಬೋಯರರು ಚಿಕ್ಕಚಿಕ್ಕ ವಂತಿಗೆ ಕೂಡಿಸಿ, ಕಾರ್ನ್‌ವಾಲಿನ ಸಮುದ್ರತೀರದಲ್ಲಿ ಮನೆ ಕೊಳ್ಳಲು ಹಣ ಕಳುಹಿದರು. 1926ರ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ಗಾಂಧೀಜಿಯವರು ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಇವರನ್ನು ಸ್ಮರಿಸಿ ಬರೆದರು. ಅದೇ ವರ್ಷ ಇವರ ಚಿತಾಭಸ್ಮವನ್ನು ಬ್ಲೂಮ್‌ಫಾಂಟೀನಿಗೆ ಒಯ್ದು ಸ್ತ್ರೀಸ್ಮಾರಕದ ಬುಡದಲ್ಲಿರಿಸಿದರು. ಅಲ್ಲಿಯ ಕಂಚಿನ ಪ್ರತಿಮೆಯು ಸ್ಪ್ರಿಂಗ್‌ಫಾಂಟೀನಿನ ಆ ತಾಯಿ ಮತ್ತು ಮಗುವಿನದು.