ಅಡುಗೆಮನೆಯ ಧ್ಯಾನಿ ಸಹೋದರ ಲಾರೆನ್ಸ್

ಲೊರೇನ್ ನಾಡಿನಲ್ಲಿ ಸುಮಾರು 1614ರಲ್ಲಿ ಜನಿಸಿದ ನಿಕೊಲಾಸ್ ಹರ್ಮನ್, ಯುದ್ಧದಲ್ಲಿ ಗಾಯಗೊಂಡು ಕುಂಟರಾದ ಸೈನಿಕರು. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠವನ್ನು ಸೇರಿ, ಪುನರುತ್ಥಾನದ ಸಹೋದರ ಲಾರೆನ್ಸ್ ಎನಿಸಿಕೊಂಡರು.

ಅವರ ಪಾಲಿಗೆ ಬಂದುದು ಮನಸ್ಸಿಗೊಗ್ಗದ ಅಡುಗೆಮನೆಯ ಕೆಲಸ. ಅದರೊಂದಿಗೆ, ತಮಗೆ ರಕ್ಷಣೆಯಿಲ್ಲವೆಂಬ ಭೀತಿಯೂ ವರ್ಷಗಟ್ಟಲೆ ಕಾಡಿತು. ಕಡೆಗೆ, ಈ ಸಂಕಟದಲ್ಲಿಯೇ ಬಾಳು ಮುಗಿದರೂ ಸರಿ, ದೇವರನ್ನು ಪ್ರೀತಿಸುತ್ತಲೇ ಬಾಳುವೆನೆಂದು ನಿಶ್ಚಯಿಸಿ, ಆ ಚಿಂತೆಯ ಹೊರೆಯನ್ನು ಆತನ ಪಾದದಲ್ಲಿ ಇಳಿಸಿದರು. ಇಳಿಸಿದೊಡನೆ ಮನಸ್ಸು ತಿಳಿಯಾಯಿತು. ಒಲೆಯ ಬಳಿಯ ಗದ್ದಲದಲ್ಲಿಯೂ, ಮುಂದೆ ಮಠದವರ ಪಾದರಕ್ಷೆಗಳನ್ನು ಹೊಲಿಯುವಾಗಲೂ ದೇವರ ಸಾನ್ನಿಧ್ಯ ಅವರನ್ನು ಅಗಲಲಿಲ್ಲ. 1691ರ ಫೆಬ್ರವರಿ 12ರಂದು ಅವರು ಪ್ರಭುವಿನಲ್ಲಿ ನಿದ್ರಿಸಿದರು.

ಕೆಲಸವೆಲ್ಲ ಮುಗಿದ ಮೇಲೆ ಶಾಂತಿಯೆಂದು ಕಾಯುವವರು ನಾವು. ಕೆಲಸದ ನಡುವೆಯೇ ಕ್ಷಣಕಾಲ ಮೌನವಾಗಿ ಪ್ರಭುವಿನತ್ತ ತಿರುಗೋಣ. ಹೊರೆ ಇಳಿಸುವ ಸ್ಥಳ ಅಲ್ಲಿಯೇ ಇದೆ.