ಮಂಗಳೂರಿನ ವರ್ತಕ ಬೆನ್ ಯಿಜು

ಅಡಿಕೆ ಮಾರಲು ಪುತ್ತೂರಿಗೋ ಸುಳ್ಯಕ್ಕೋ ಕಡಬಕ್ಕೋ ಹೋದ ದಿನ ನಿಮ್ಮ ಕೈಗೊಂದು ಚೀಟಿ ಬರುತ್ತದೆ. ತೂಕ, ದರ, ಮುಂಗಡ ಕಳೆದು ಉಳಿದ ಬಾಕಿ ಅದರಲ್ಲಿರುತ್ತದೆ. ಅಂಗಿಯ ಜೇಬಿನಲ್ಲಿ ಮುದುಡಿದ ಆ ಚೀಟಿ ಮುಂದಿನ ಒಗೆತದಲ್ಲಿ ನೀರುಪಾಲಾಗುತ್ತದೆ. ಮೂರು ತಿಂಗಳ ಬಳಿಕ ಲೆಕ್ಕದಲ್ಲಿ ಜಗಳವಾದಾಗ ಅದನ್ನು ಹುಡುಕುತ್ತೇವೆ. ಇಂತಹ ಒಂದು ಪಂಚಾಯಿತಿಕೆಗೆ ಮದ್ರಸ ಅಧ್ಯಾಪಕನೆಂಬ ಕಾರಣಕ್ಕೆ ನನ್ನನ್ನೂ ಕೂರಿಸಿದ್ದರು. ಎರಡೂ ಕಡೆಯವರು ಅಲ್ಲಾಹನ ಹೆಸರಿನಲ್ಲಿ ಆಣೆಯಿಡಲು ಸಿದ್ಧರಿದ್ದರು. ಒಬ್ಬರ ಬಳಿಯೂ ಒಂದು ತುಂಡು ಕಾಗದವಿರಲಿಲ್ಲ! ಅಂದು ನನಗೆ ನೆನಪಾದವರು ಸುಮಾರು ಒಂಬೈನೂರು ವರ್ಷಗಳ ಹಿಂದೆ ನಮ್ಮದೇ ಜಿಲ್ಲೆಯ ಮಂಗಳೂರಿನಲ್ಲಿ ಕುಳಿತು ಅಡಿಕೆ, ಮೆಣಸಿನ ವ್ಯಾಪಾರ ಮಾಡಿದ ಅಬ್ರಹಾಮ್ ಬೆನ್ ಯಿಜು.

ಅವರು ಯಹೂದಿ. ಇಂದಿನ ಟ್ಯುನೀಶಿಯಾದ ಮಹ್ದಿಯಾ ಅವರ ಊರು. ಮನೆಮಾತು ಅರಬಿ; ಅದನ್ನು ಹೀಬ್ರೂ ಲಿಪಿಯಲ್ಲಿ ಬರೆಯುತ್ತಿದ್ದರು. ಏಡನ್‌ಗೆ ಬಂದು, ಅಲ್ಲಿನ ಹಿರಿಯ ವರ್ತಕ ಮದ್ಮೂನ್ ಇಬ್ನ್ ಹಸನ್ ಅವರ ಆಶ್ರಯದಲ್ಲಿ ವ್ಯಾಪಾರ ಕಲಿತು, ಕಡಲು ದಾಟಿ ಮಂಗಳೂರಿಗೆ ಬಂದರು. 1132ರ ಅಕ್ಟೋಬರ್ 17ರಂದು ಅವರು ಅಶು ಎಂಬ ದಾಸಿಗೆ ಬಿಡುಗಡೆ ನೀಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. ತುಳುನಾಡಿನ ಈ ಹೆಣ್ಣುಮಗಳೇ ಅವರ ಮಕ್ಕಳ ತಾಯಿಯೆಂದು ವಿದ್ವಾಂಸರು ನಂಬುತ್ತಾರೆ. 1149ರವರೆಗೆ ಅವರ ಬದುಕು ಬಹುಮಟ್ಟಿಗೆ ಈ ಕರಾವಳಿಯಲ್ಲೇ ಕಳೆಯಿತು.

ಇದೆಲ್ಲ ನಮಗೆ ತಿಳಿದದ್ದು ಹೇಗೆ? ದೇವನಾಮವಿರುವ ಕಾಗದವನ್ನು ನಾಶ ಮಾಡಬಾರದೆಂದು ಯಹೂದಿಗಳು ಹಳೆಯ ಹಾಳೆಗಳನ್ನು ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. ಜೀರ್ಣವಾದ ಮುಸ್‌ಹಫ್‌ನ ಹಾಳೆಗಳನ್ನು ನಾವೂ ಕಂಡಕಂಡಲ್ಲಿ ಎಸೆಯುವುದಿಲ್ಲವಷ್ಟೆ. ಕೈರೋದ ಫುಸ್ತಾತ್‌ನಲ್ಲಿದ್ದ ಅಂತಹ ಕೋಣೆಯ ರಾಶಿ 1897ರಲ್ಲಿ ಕೇಂಬ್ರಿಜ್‌ಗೆ ಹೋಯಿತು. ಬೆನ್ ಯಿಜು ಅವರ ಪತ್ರಗಳೂ ಲೆಕ್ಕಗಳೂ ಆ ರಾಶಿಯಲ್ಲಿದ್ದವು.

ಮಂಗಳೂರಿನಿಂದ ಅವರು ಅಡಿಕೆ, ಕಾಳುಮೆಣಸು, ಏಲಕ್ಕಿ, ಕಬ್ಬಿಣ ಕಳುಹಿಸುತ್ತಿದ್ದರು. ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಸಾಬೂನು ಏಡನ್‌ನಿಂದ ಬರುತ್ತಿದ್ದವು. ಬಂದ ತಾಮ್ರದಿಂದ ಪಾತ್ರೆ ಮಾಡಿಸಲು ಇಲ್ಲೇ ಒಂದು ಕಮ್ಮಟವಿತ್ತು. ಮತ್ತೊಂದು ವಸ್ತುವಿಗಾಗಿ ಅವರು ಕಾತರದಿಂದ ಕಾಯುತ್ತಿದ್ದರು: ಕಾಗದ. ನಮ್ಮವರು ಆಗ ತಾಳೆಗರಿಯಲ್ಲಿ ಬರೆಯುತ್ತಿದ್ದರು. ಏಡನ್‌ನ ಸ್ನೇಹಿತರು ಕಾಗದವನ್ನು ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಬಂದ ಪತ್ರಗಳ ಖಾಲಿ ಜಾಗದಲ್ಲೂ ಬೆನ್ ಯಿಜು ಲೆಕ್ಕ ಬರೆದಿದ್ದಾರೆ.

ಅಂದಿನ ವ್ಯಾಪಾರದ ರೀತಿ ನಮ್ಮ ಫಿಕ್ಹ್ ಓದಿದವರಿಗೆ ಹೊಸದಲ್ಲ. ಮುದಾರಬ, ಅಂದರೆ ಕಿರಾದ್. ಒಬ್ಬನ ಬಂಡವಾಳ, ಇನ್ನೊಬ್ಬನ ದುಡಿಮೆ. ಲಾಭ ಮಾತಾದಂತೆ ಹಂಚಿಕೆ. ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಅದು ಬಂಡವಾಳ ಹಾಕಿದವನ ಪಾಲಿಗೆ. ಈ ಕ್ರಮವನ್ನು ಯಹೂದಿ ವರ್ತಕರೂ ಬಳಸುತ್ತಿದ್ದರು. ಮಂಗಳೂರಿನ ಹಿಂದೂ ವರ್ತಕರೊಡನೆ ಸೇರಿ ಒಂದು ಹಡಗಿನಲ್ಲಿ ಪಾಲು ವ್ಯಾಪಾರ ಮಾಡಬಹುದಲ್ಲ ಎಂದು ಮದ್ಮೂನ್ ಒಮ್ಮೆ ಬರೆದು ಸೂಚಿಸಿದ್ದುಂಟು. ಇವರ ಪತ್ರಗಳಲ್ಲಿ ಹಡಗಿನೊಡೆಯ ರಾಮಿಶ್ತ್ ಅವರ ಹೆಸರೂ ಬರುತ್ತದೆ. ಪವಿತ್ರ ಕಅಬಾಕ್ಕೆ ಚೀನಾ ಬಟ್ಟೆಯ ಹೊದಿಕೆ ಹೊದಿಸಿದ ಪರ್ಶಿಯಾದ ಮುಸ್ಲಿಮ್ ವರ್ತಕರು ಅವರೇ. ಬೆನ್ ಯಿಜು ಅವರ ಸರಕು, ಹಣ ಹಿಡಿದು ಏಡನ್‌ಗೆ ಹೋಗಿಬರುತ್ತಿದ್ದವನು ಬೊಮ್ಮ ಎಂಬ ದಾಸ. ಬರಬರುತ್ತಾ ಏಡನ್‌ನ ದೊಡ್ಡ ವರ್ತಕರು ಅವನನ್ನೂ ಶೇಖ್ ಎಂದೇ ಕರೆದರು.

ಇಂದು ಗಲ್ಫ್‌ಗೆ ಸರಕು ಕಳುಹಿಸುವವರ ಮೇಜಿನ ಮೇಲೆ ದಪ್ಪ ದಪ್ಪ ಕೈಪಿಡಿಗಳಿರುತ್ತವೆ. ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್‌ಗೆ ಪ್ಯಾರಿಸ್‌ನ ಅಂತಾರಾಷ್ಟ್ರೀಯ ವಾಣಿಜ್ಯ ಮಂಡಳಿಯ ಯುಸಿಪಿ 600 ಎಂಬ ನಿಯಮಗಳು 2007ರಿಂದ ಇವೆ. ತಕರಾರು ಬಂದರೆ ನಮ್ಮ ದೇಶದ 1996ರ ಮಧ್ಯಸ್ಥಿಕೆ ಕಾಯಿದೆ ಇದೆ. ಒಂದು ದೇಶದ ಮಧ್ಯಸ್ಥರು ಕೊಟ್ಟ ತೀರ್ಪು ಇನ್ನೊಂದು ದೇಶದಲ್ಲಿ ಜಾರಿಯಾಗಲು 1958ರ ನ್ಯೂಯಾರ್ಕ್ ಒಪ್ಪಂದವಿದೆ. ಬೆನ್ ಯಿಜು ಅವರಿಗೆ ಇದಾವುದೂ ಇರಲಿಲ್ಲ.

ಏಲಕ್ಕಿಯ ವಿಷಯದಲ್ಲಿ ಅದು ಬಯಲಾಯಿತು. ಇಲ್ಲಿನ ಒಬ್ಬ ದಲ್ಲಾಳಿಗೆ (ಪತ್ರಗಳಲ್ಲಿ ಅವನ ಹೆಸರಿಲ್ಲ, ಕಾರ್ದಾರ್ ಎಂದಷ್ಟೇ ಇದೆ) ಏಲಕ್ಕಿಗಾಗಿ ಮುಂಗಡ ಕೊಟ್ಟರು. ಏಲಕ್ಕಿ ಬರಲಿಲ್ಲ, ಹಣವೂ ಬರಲಿಲ್ಲ. ಅದರಲ್ಲಿ ಏಡನ್‌ನ ಪಾಲುದಾರರ ಹಣವೂ ಸೇರಿತ್ತು. ಈಗ ನೀವೇ ಯೋಚಿಸಿ: ಈ ನಷ್ಟ ಯಾರದು? ನಂಬಿ ಮುಂಗಡ ಕೊಟ್ಟವರದೇ, ಅಥವಾ ಪಾಲುದಾರರೆಲ್ಲರದೇ? ಒಂದಕ್ಕಿಂತ ಹೆಚ್ಚು ಪತ್ರಗಳಲ್ಲಿ ಈ ಮಾತು ತಿರುತಿರುಗಿ ಬರುತ್ತದೆ. ಬೆನ್ ಯಿಜು ದಲ್ಲಾಳಿಯನ್ನು ಮೆದುವಾಗಿಯೇ ಕೇಳಿದರಂತೆ. ಪಾಲುದಾರರಿಗೆ ಅದು ಸಾಲಲಿಲ್ಲ. ಬಾಕಿ ಕೊಡದವರನ್ನು ಏಡನ್‌ನಲ್ಲಿ ಬಹಿರಂಗವಾಗಿ ಖಂಡಿಸುತ್ತೇವೆ, ಹಾಗೆಂದು ಅವನನ್ನು ಹೆದರಿಸಿ ನೋಡಿ ಎಂದು ಒಬ್ಬರು ಸಲಹೆ ಬರೆದರು. ಕಡಲಿನಾಚೆಯ ಸಾಲಗಾರನ ಮೇಲೆ ಆ ವರ್ತಕರ ಕೈಯಲ್ಲಿದ್ದ ಅಸ್ತ್ರ ಇಷ್ಟೇ: ಹೆಸರು ಕೆಡಿಸುವುದು. ಆದರೂ ಗಮನಿಸಿ, ಇಷ್ಟೆಲ್ಲ ತಕರಾರಿನ ನಡುವೆಯೂ ಅವರ ಸ್ನೇಹ ಕಡಿಯಲಿಲ್ಲ, ಸರಕು ಬರುವುದು ನಿಲ್ಲಲಿಲ್ಲ. ಯಾರು ಎಷ್ಟು ಕೊಟ್ಟರು ಎಂಬುದು ಕಾಗದದಲ್ಲಿತ್ತು. ಜಗಳ ಉಳಿದ ವಿಷಯಕ್ಕೆ ಮಾತ್ರ. ಅವಧಿಯಿಟ್ಟು ಸಾಲದ ವ್ಯವಹಾರ ಮಾಡುವಾಗ ಬರೆದಿಡಬೇಕೆಂದು ಸೂರಃ ಅಲ್ ಬಕರದ 282ನೇ ಆಯತ್ ಆದೇಶಿಸುತ್ತದೆ. ಕುರ್‌ಆನಿನ ಅತಿ ದೀರ್ಘ ಆಯತ್ ಅದು. ಅದನ್ನು ನಾವು ಸುಂದರವಾಗಿ ಪಾರಾಯಣ ಮಾಡುತ್ತೇವೆ. ಸ್ನೇಹಿತನ ಬಳಿ ಬರಹ ಕೇಳಲು ಮಾತ್ರ ನಾಚುತ್ತೇವೆ.

1149ರಲ್ಲಿ ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಮರಳಿದರು. ಯುದ್ಧದಿಂದ ಕಂಗೆಟ್ಟು ಸಿಸಿಲಿಯಲ್ಲಿದ್ದ ಒಡಹುಟ್ಟಿದವರಿಗೆ, ನಮ್ಮೆಲ್ಲರಿಗೂ ಸಾಕಾಗುವಷ್ಟು ಸಂಪಾದಿಸಿದ್ದೇನೆ, ಬನ್ನಿ ಎಂದು ಪತ್ರ ಬರೆದರು. ಬಂದ ತಮ್ಮ ಮುಬಶ್ಶಿರ್ ದೊಡ್ಡ ಮೊತ್ತ ಕಬಳಿಸಿ ಮೋಸ ಮಾಡಿದ. ಪರಧರ್ಮೀಯರ ನಡುವೆ, ಭಾಷೆ ಬೇರೆಯಾದ ನಾಡಿನಲ್ಲಿ ಹದಿನೇಳು ವರ್ಷ ವ್ಯಾಪಾರ ಮಾಡಿ ಉಳಿಸಿಕೊಂಡದ್ದನ್ನು ಒಡಹುಟ್ಟಿದವನ ಕೈಯಲ್ಲಿ ಕಳೆದುಕೊಂಡರು. ಗಂಡುಮಕ್ಕಳಿಬ್ಬರೂ ತೀರಿಕೊಂಡರು. ಆ ದುಃಖದ ವರ್ಷಗಳಲ್ಲಿ ಅವರು ಯಮನ್‌ನಲ್ಲಿ, ಜನರ ಪ್ರಶ್ನೆಗಳಿಗೆ ತಮ್ಮ ಧರ್ಮಶಾಸ್ತ್ರದ ಪ್ರಕಾರ ಉತ್ತರ ಬರೆದ ಹಾಳೆಗಳೂ ದೊರೆತಿವೆ. ಪರರ ವ್ಯಾಜ್ಯಕ್ಕೆ ಉತ್ತರ ಬರೆದವರಿಗೆ ಸ್ವಂತ ತಮ್ಮನಿಂದ ನ್ಯಾಯ ಸಿಗಲಿಲ್ಲ.

ಉಳಿದವಳು ಒಬ್ಬಳೇ ಮಗಳು, ಸಿತ್ ಅಲ್ ದಾರ್. ಏಡನ್‌ನಲ್ಲಿ ಒಳ್ಳೆಯ ಸಂಬಂಧ ಬಂದಿತ್ತು. ಆದರೂ ಇನ್ನೊಬ್ಬ ಸಹೋದರ ಯೂಸುಫರ ಮಗನಿಗೇ ಅವಳನ್ನು ಕೊಡಬೇಕೆಂದು ಅವರು ಹಟ ಹಿಡಿದರು. 1156ರಲ್ಲಿ ಫುಸ್ತಾತ್‌ನಲ್ಲಿ ಆ ಮದುವೆ ನಡೆಯಿತು.